ಪದಕದ ಹಿಂಬದಿ

ನಾಣ್ಯ, ಅಂಚೆಚೀಟಿಗಳನ್ನು ಸಂಗ್ರಹಿಸುವವರಂತೆ ಹಳೆಯ ಪದಕಗಳನ್ನು ಸಂಗ್ರಹಿಸುವವರೂ ಉಂಟು. ಮೇಲುನೋಟಕ್ಕೆ ಇದು ಬಿಡುವಿನ ವೇಳೆಯ ಹವ್ಯಾಸ. ಆದರೆ ಪೋಲೆಂಡಿನ ಪದಕಗಳನ್ನು ಕೂಡಿಡುವವನು ಒಂದು ಜನಾಂಗದ ಸೋಲುಗೆಲವುಗಳ ಕಥೆಯನ್ನೇ ಕೂಡಿಡುತ್ತಾನೆ.

1791ರ ಮೇ 3ರಂದು ಪೋಲೆಂಡ್ ಲಿಖಿತ ಸಂವಿಧಾನವೊಂದನ್ನು ಅಂಗೀಕರಿಸಿತು. ಇದನ್ನು ಸಹಿಸದ ರಷ್ಯಾ ಮರುವರ್ಷವೇ ದಂಡೆತ್ತಿ ಬಂದಿತು. 1792ರ ಜೂನ್ 18ರಂದು ಜೆಲೆನ್ತ್ಸೆ ಎಂಬಲ್ಲಿ ಪೋಲಿಷ್ ಸೈನ್ಯವು ಶತ್ರುವನ್ನು ಎದುರಿಸಿ ನಿಂತಿತು. ಆ ಹರ್ಷದಲ್ಲಿ ದೊರೆ ಸ್ಟಾನಿಸ್ಲಾವ್ ಆಗಸ್ಟ್ 'ವಿರ್ತೂತಿ ಮಿಲಿತಾರಿ' ಎಂಬ ಪದಕವನ್ನು ಸ್ಥಾಪಿಸಿದನು. ಲ್ಯಾಟಿನ್ ಭಾಷೆಯ ಈ ಮಾತಿಗೆ 'ಸೈನಿಕ ಶೌರ್ಯಕ್ಕೆ' ಎಂದು ಅರ್ಥ. ಅದನ್ನು ಮೊದಲು ಪಡೆದವರಲ್ಲಿ ವೀರ ಸೇನಾನಿ ಕೊಶ್ಚ್ಯೂಷ್ಕೊ ಒಬ್ಬನು. ಆದರೆ ಕೆಲವೇ ವಾರಗಳಲ್ಲಿ ದೊರೆಯು ಸಂವಿಧಾನ ವಿರೋಧಿಗಳ ಪಕ್ಷವನ್ನು ಸೇರಿದನು. ಪದಕವನ್ನು ಧರಿಸುವುದು ನಿಷಿದ್ಧವಾಯಿತು. 1795ರಲ್ಲಿ ನೆರೆಯ ಮೂರು ರಾಜ್ಯಗಳು ಹಂಚಿಕೊಂಡುದರಿಂದ ಪೋಲೆಂಡೇ ಭೂಪಟದಿಂದ ಅಳಿಸಿಹೋಯಿತು.

1830ರಲ್ಲಿ ವಾರ್ಸಾದಲ್ಲಿ ದಂಗೆಯೆದ್ದಿತು. ಹೋರಾಟಗಾರರ ಎದೆಯ ಮೇಲೆ ಆ ಶಿಲುಬೆ ಮತ್ತೆ ಹೊಳೆಯಿತು. ದಂಗೆಯನ್ನು ಅಡಗಿಸಿದ ತ್ಸಾರ್ ಒಂದನೆಯ ನಿಕೊಲಾಯ್ ವಿಚಿತ್ರವಾದ ಸೇಡನ್ನು ತೀರಿಸಿಕೊಂಡನು. ಅದೇ ಹದ್ದು, ಅದೇ ಬರಹಗಳುಳ್ಳ ಶಿಲುಬೆಯನ್ನು ದಂಗೆಯನ್ನು ತುಳಿದ ತನ್ನ ಸೈನಿಕರಿಗೇ ಹಂಚಿದನು! ಒಂದು ಸ್ವಾತಂತ್ರ್ಯಕ್ಕಾಗಿ ಹೋರಾಡಿದವನದು; ಇನ್ನೊಂದು ಅದನ್ನು ಹತ್ತಿಕ್ಕಿದವನದು. ಹಿಂಬದಿಯಲ್ಲಿ 1831 ಎಂಬ ಇಸವಿಯಿದ್ದರೆ ಅದು ತ್ಸಾರನದು. ಆದುದರಿಂದ ಬಲ್ಲ ಸಂಗ್ರಾಹಕನು ಪದಕದ ಮುಖಕ್ಕೆ ಮರುಳಾಗುವುದಿಲ್ಲ; ಹಿಂಬದಿಯನ್ನು ತಿರುಗಿಸಿ ಓದುತ್ತಾನೆ.

ನಾಡೇ ಇಲ್ಲದ ಆ ದಿನಗಳಲ್ಲಿ ನಾಡಿನ ನೆನಪನ್ನು ಕಾಪಾಡಿದವರು ಇಂತಹ ಸಂಗ್ರಾಹಕರು. ಎಮೆರಿಕ್ ಹುಟ್ಟೆನ್-ಚಾಪ್ಸ್ಕಿ ಎಂಬವನು ಪೋಲೆಂಡಿನ ನಾಣ್ಯ ಪದಕಗಳನ್ನು ಜೀವಮಾನವೆಲ್ಲ ಕೂಡಿಸಿ 1894ರಲ್ಲಿ ಕ್ರಾಕೋವ್ ನಗರಕ್ಕೆ ತಂದನು. ಅವನ ಮರಣಾನಂತರ, 1903ರಲ್ಲಿ, ಮನೆಯವರು ಅದನ್ನು ಆ ನಗರಕ್ಕೆ ದಾನವಾಗಿತ್ತರು. 'ನಾಡಿನ ನೌಕೆಯೊಡೆದಾಗ ಉಳಿಸಿಕೊಂಡ ಸ್ಮಾರಕಗಳಿಗೆ' ಎಂಬರ್ಥದ ಲ್ಯಾಟಿನ್ ಬರಹ ಆ ಸಂಗ್ರಹಾಲಯದ ಮೇಲಿದೆ.

1918ರಲ್ಲಿ ಪೋಲೆಂಡ್ ಮತ್ತೆ ಸ್ವತಂತ್ರವಾಯಿತು. ಮರುವರ್ಷ ಆ ಪದಕವೂ ಮರುಹುಟ್ಟು ಪಡೆಯಿತು. ಹೊಸ ಶಿಲುಬೆಯ ಹಿಂಬದಿಯಲ್ಲಿ ಎರಡು ಸಂಗತಿಗಳನ್ನು ಕೆತ್ತಲಾಯಿತು: 'ಗೌರವ ಮತ್ತು ತಾಯ್ನಾಡು' ಎಂಬರ್ಥದ ನುಡಿ ಮತ್ತು 1792 ಎಂಬ ಇಸವಿ. ನಡುವಿನ ದಾಸ್ಯದ ವರ್ಷಗಳು ಆ ನೆನಪನ್ನು ಅಳಿಸಲಾರದೆ ಹೋದವು.

ಅಭ್ಯಾಸ
1. ವಿರ್ತೂತಿ ಮಿಲಿತಾರಿ ಪದಕವು ಯಾವ ಸಂದರ್ಭದಲ್ಲಿ ಸ್ಥಾಪಿತವಾಯಿತು?
2. ತ್ಸಾರನು ತೀರಿಸಿಕೊಂಡ ಸೇಡು ಯಾವುದು?
3. ಸಂಗ್ರಾಹಕನು ಪದಕದ ಹಿಂಬದಿಯನ್ನು ಏಕೆ ಓದಬೇಕು? ವಿವರಿಸಿರಿ.