ಮಕ್ಕಳ ಎ.ಟಿ.ವಿ.: ಆಯ್ಕೆಗೊಂದು ತೂಕದ ಲೆಕ್ಕ

ಉಬ್ಬಿದ ನಾಲ್ಕು ಟೈರುಗಳು, ಕುದುರೆಯ ಬೆನ್ನಿನ ಮೇಲೆ ಕುಳಿತಂತೆ ಎರಡು ಕಡೆಗೂ ಕಾಲು ಹಾಕಿ ಕೂರುವ ಆಸನ, ಬೈಸಿಕಲ್ಲಿನಲ್ಲಿರುವಂತಹ ಹ್ಯಾಂಡಲ್ – ಇವಿಷ್ಟರಿಂದ ಎ.ಟಿ.ವಿ. ಎಂಬ ವಾಹನವನ್ನು ಗುರುತಿಸಬಹುದು. ‘ಆಲ್ ಟೆರೇನ್ ವೆಹಿಕಲ್’ ಎಂಬ ಪದಗಳ ಮೊದಲಕ್ಷರಗಳಿಂದಾದ ಈ ಹೆಸರಿಗೆ ಎಲ್ಲ ಬಗೆಯ ನೆಲದ ಮೇಲೂ ಓಡಬಲ್ಲ ವಾಹನವೆಂದು ಅರ್ಥ. ಅಮೆರಿಕ ಮತ್ತು ಕೆನಡಾ ದೇಶಗಳ ಹೊಲಗಳಲ್ಲಿಯೂ ಕಾಡುದಾರಿಗಳಲ್ಲಿಯೂ ಇದು ಸರ್ವಸಾಮಾನ್ಯ. ಮಕ್ಕಳಿಗೆಂದೇ ತಯಾರಿಸಿದ ಸಣ್ಣ ಎ.ಟಿ.ವಿ.ಗಳೂ ಅಲ್ಲಿ ಮಾರಾಟಕ್ಕುಂಟು. ನಮ್ಮ ನಾಡಿನಲ್ಲಿಯೂ ಕೆಲವು ವಿಹಾರಧಾಮಗಳ ಮಣ್ಣಿನ ಓಟಪಥಗಳಲ್ಲಿ ಈ ವಾಹನಗಳನ್ನು ಕಾಣಬಹುದು.

ಮಗುವಿಗೆ ಇಂತಹ ವಾಹನ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, “ಎಂಜಿನ್ ಎಷ್ಟು ಸಿ.ಸಿ.?” ಎಂಬುದು. ಅದರ ಹಿಂದೆಯೇ ಬರುವ ಆಲೋಚನೆ, “ಹೇಗಿದ್ದರೂ ಮಗು ಬೆಳೆಯುತ್ತದೆ, ಸ್ವಲ್ಪ ದೊಡ್ಡದನ್ನೇ ಕೊಂಡರಾಯಿತು” ಎಂಬುದು. ಅಂಗಿ ಹೊಲಿಸುವಾಗ ಎರಡಂಗುಲ ಹೆಚ್ಚು ಬಟ್ಟೆ ಬಿಡಿಸುವ ಈ ಜಾಣತನ ಎ.ಟಿ.ವಿ.ಯ ವಿಷಯದಲ್ಲಿ ಏಕೆ ಸಲ್ಲದು? ಇದಕ್ಕೆ ಉತ್ತರವನ್ನು ಪ್ರೌಢಶಾಲೆಯ ಭೌತಶಾಸ್ತ್ರದಿಂದಲೇ ಪಡೆಯಬಹುದು.

ಮೂರು ಗಾಲಿಗಳ ಪಾಠ

1970ರಲ್ಲಿ ಜಪಾನಿನ ಹೊಂಡಾ ಸಂಸ್ಥೆ ಅಮೆರಿಕದ ಮಾರುಕಟ್ಟೆಗೆ ತಂದ ‘ಯು.ಎಸ್. 90’ ಎಂಬ ವಾಹನದಿಂದ ಈ ಕುಲದ ಪ್ರಚಾರ ಮೊದಲಾಯಿತು. ಅದಕ್ಕಿದ್ದುದು ಮೂರೇ ಗಾಲಿಗಳು: ಮುಂದೆ ಒಂದು, ಹಿಂದೆ ಎರಡು.

ಯಾವುದೇ ವಸ್ತುವಿನ ಗುರುತ್ವಕೇಂದ್ರದಿಂದ ಕೆಳಗೆ ಇಳಿಬಿಟ್ಟ ಲಂಬರೇಖೆ ಅದರ ಆಧಾರದ ಒಳಗೆ ಬೀಳುವವರೆಗೆ ಆ ವಸ್ತು ಉರುಳದೆ ನಿಲ್ಲುತ್ತದೆಂಬುದು ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ನಾಲ್ಕು ಗಾಲಿಗಳ ಆಧಾರ ಒಂದು ಆಯತ. ಮೂರು ಗಾಲಿಗಳದು ತ್ರಿಕೋನ. ತ್ರಿಕೋನದ ಬದಿಗಳು ಮುಂದಕ್ಕೆ ಹೋದಂತೆ ಒಳಕ್ಕೆ ಸರಿಯುವುದರಿಂದ ಗುರುತ್ವಕೇಂದ್ರಕ್ಕೂ ಆಧಾರದ ಅಂಚಿಗೂ ನಡುವಣ ಅಂತರ ಅಲ್ಲಿ ಕಡಿಮೆ. ತಿರುವಿನಲ್ಲಿ ಬ್ರೇಕ್ ಒತ್ತಿದರಂತೂ ಭಾರವು ಆ ಕಿರಿದಾದ ಮೂಲೆಯತ್ತಲೇ ಸಾಗುತ್ತದೆ. 1980ರ ದಶಕದ ಆದಿಯಲ್ಲಿ ಸುಜುಕಿ ಸಂಸ್ಥೆ ನಾಲ್ಕು ಗಾಲಿಗಳ ವಾಹನವನ್ನು ತಂದಿತು. ಅಪಘಾತಗಳ ಬಗ್ಗೆ ಕಳವಳ ಬೆಳೆದು, 1988ರಲ್ಲಿ ಅಮೆರಿಕದ ಸರ್ಕಾರಕ್ಕೂ ಪ್ರಮುಖ ತಯಾರಕರಿಗೂ ಆದ ಒಪ್ಪಂದದಂತೆ ಹೊಸ ಮೂರು ಗಾಲಿಯ ವಾಹನಗಳ ಮಾರಾಟ ಅಲ್ಲಿ ನಿಂತಿತು.

ಸವಾರನೂ ಯಂತ್ರದ ಒಂದು ಭಾಗ

ಮೋಟಾರು ಕಾರಿನಲ್ಲಿ ಕುಳಿತವನು ಮೈಯನ್ನು ಎತ್ತ ವಾಲಿಸಿದರೂ ಕಾರಿನ ಸಮತೋಲದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಾಗುವುದಿಲ್ಲ. ಎ.ಟಿ.ವಿ.ಯಲ್ಲಿ ಹಾಗಲ್ಲ. ಏರಿನಲ್ಲಿ ಸವಾರನು ಮುಂದಕ್ಕೆ ಬಾಗಬೇಕು. ಇಳಿಜಾರಿನಲ್ಲಿ ಹಿಂದಕ್ಕೆ ಸರಿಯಬೇಕು. ತಿರುವಿನಲ್ಲಿ ಒಳಬದಿಗೆ ವಾಲಬೇಕು. ಅವನ ದೇಹವೇ ತಕ್ಕಡಿಯ ತೂಕದ ಕಲ್ಲು. ಈ ಕಲ್ಲಿನ ತೂಕಕ್ಕೂ ಯಂತ್ರದ ತೂಕಕ್ಕೂ ಇರುವ ಅನುಪಾತವೇ ಆಯ್ಕೆಯ ಮೂಲಸೂತ್ರ.

ಒಂದು ಲೆಕ್ಕ ಮಾಡಿ ನೋಡೋಣ. 75 ಕಿಲೋಗ್ರಾಂ ತೂಕದ ವಯಸ್ಕನೊಬ್ಬನು 300 ಕಿಲೋಗ್ರಾಂ ತೂಕದ ಎ.ಟಿ.ವಿ.ಯ ಮೇಲೆ ಕುಳಿತು ತನ್ನ ಮೈಭಾರವನ್ನು 30 ಸೆಂ.ಮೀ. ಪಕ್ಕಕ್ಕೆ ಸರಿಸಿದನೆಂದು ಭಾವಿಸೋಣ. ಇಬ್ಬರೂ ಸೇರಿದ ವ್ಯವಸ್ಥೆಯ ಗುರುತ್ವಕೇಂದ್ರ 75 × 30 ÷ 375, ಅಂದರೆ 6 ಸೆಂ.ಮೀ. ಸರಿಯುತ್ತದೆ. ಅದೇ ಯಂತ್ರದ ಮೇಲೆ 30 ಕಿಲೋಗ್ರಾಂ ತೂಕದ ಬಾಲಕನು ಕುಳಿತನೆನ್ನಿ. ಅವನ ಮೈ ಚಿಕ್ಕದು, 20 ಸೆಂ.ಮೀ. ಸರಿಸುವುದೇ ಹೆಚ್ಚು. ಆಗ ಗುರುತ್ವಕೇಂದ್ರ ಸರಿಯುವುದು 30 × 20 ÷ 330, ಸುಮಾರು 1.8 ಸೆಂ.ಮೀ. ಮಾತ್ರ. ತಂದೆಗೆ ದೊರೆಯುವ ಹತೋಟಿಯ ಮೂರನೆಯ ಒಂದು ಪಾಲೂ ಮಗನಿಗೆ ದೊರೆಯುವುದಿಲ್ಲ. ಆದರೆ 100 ಕಿಲೋಗ್ರಾಂ ತೂಕದ ಮಕ್ಕಳ ಎ.ಟಿ.ವಿ.ಯ ಮೇಲೆ ಅದೇ ಬಾಲಕನು ಅಷ್ಟೇ ವಾಲಿದಾಗ ಗುರುತ್ವಕೇಂದ್ರ 4.6 ಸೆಂ.ಮೀ. ಸರಿಯುತ್ತದೆ. ದೊಡ್ಡ ಯಂತ್ರದ ಮೇಲೆ ಮಗು ಸವಾರನಲ್ಲ, ಹೇರಿದ ಮೂಟೆ ಎಂದರೆ ಅತಿಶಯೋಕ್ತಿಯಾಗದು. ಅಲ್ಲದೆ, ಉರುಳಿದ ಯಂತ್ರವು ಮೈಮೇಲೆ ಬಿದ್ದರೆ ಆ ಮಗು ತನ್ನ ತೂಕದ ಹತ್ತರಷ್ಟನ್ನು ಎತ್ತಬೇಕಾಗುತ್ತದೆ.

ತಿರುವಿನಲ್ಲಿ ನಡೆಯುವುದೇನು?

ತಿರುವಿನಲ್ಲಿ ವಾಹನ ಉರುಳುವುದೋ ಇಲ್ಲವೋ ಎಂಬುದನ್ನು ಒಂದು ಭಾಗಲಬ್ಧ ನಿರ್ಣಯಿಸುತ್ತದೆ. ಎಡಬಲದ ಗಾಲಿಗಳ ನಡುವಣ ಅಂತರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದರೆ ಅದು ಬರುತ್ತದೆ. ಮಕ್ಕಳ ವಾಹನವೊಂದರಲ್ಲಿ ಈ ಅರ್ಧ 35 ಸೆಂ.ಮೀ., ಸವಾರನೂ ಸೇರಿದಾಗಿನ ಎತ್ತರ 50 ಸೆಂ.ಮೀ. ಎಂದಿಟ್ಟುಕೊಂಡರೆ ಭಾಗಲಬ್ಧ 0.7. ವೇಗದ ವರ್ಗವನ್ನು ತಿರುವಿನ ತ್ರಿಜ್ಯ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದಿಂದ ಭಾಗಿಸಿದಾಗ ಬರುವ ಸಂಖ್ಯೆ ಇದನ್ನು ಮೀರಿದೊಡನೆ ಒಳಬದಿಯ ಗಾಲಿಗಳು ನೆಲವನ್ನು ಬಿಡುತ್ತವೆ. 5 ಮೀಟರ್ ತ್ರಿಜ್ಯದ ತಿರುವಿನಲ್ಲಿ ಈ ಮಿತಿ ಗಂಟೆಗೆ ಸುಮಾರು 21 ಕಿ.ಮೀ. ಬಾಲಕನು ಒಳಕ್ಕೆ ವಾಲಿದರೆ ಮಿತಿ 22ಕ್ಕೆ ಏರುತ್ತದೆ. ಗಾಬರಿಯಿಂದ ಹೊರಕ್ಕೆ ವಾಲಿದರೆ 20ಕ್ಕಿಂತ ಕೆಳಗಿಳಿಯುತ್ತದೆ.

ನೆಲದ ಗುಣವೂ ಇಲ್ಲಿ ಮುಖ್ಯ. ಘರ್ಷಣಾಂಕ 0.5ರಷ್ಟಿರುವ ಸಡಿಲ ಮಣ್ಣಿನಲ್ಲಿ, ಉರುಳುವುದಕ್ಕೆ ಮೊದಲೇ ಟೈರು ಜಾರುತ್ತದೆ; ವೇಗ ತಾನಾಗಿ ಕುಗ್ಗಬಹುದು. ಒಣಗಿದ ಟಾರು ರಸ್ತೆಯ ಘರ್ಷಣಾಂಕ ಸಾಮಾನ್ಯವಾಗಿ 0.7ರಷ್ಟು ಅಥವಾ ಅದಕ್ಕೂ ಹೆಚ್ಚು. ಅಲ್ಲಿ ಟೈರು ಜಾರದೆ ನೆಲವನ್ನು ಕಚ್ಚಿ ಹಿಡಿಯುತ್ತದೆ, ವಾಹನ ಮಗುಚುತ್ತದೆ. ನುಣುಪಾದ ರಸ್ತೆಯೇ ಸುರಕ್ಷಿತವೆಂಬ ನಮ್ಮ ಸಹಜ ನಂಬಿಕೆ ಎ.ಟಿ.ವಿ.ಯ ಮಟ್ಟಿಗೆ ತಲೆಕೆಳಗು. ಮಣ್ಣಿನಲ್ಲಿಯೂ ಜಾರುವ ಗಾಲಿ ಕಲ್ಲಿಗೋ ಚಕ್ಕಡಿಯ ಜಾಡಿಗೋ ತಗುಲಿದರೆ ಪರಿಣಾಮ ಇದೇ.

ಸಿ.ಸಿ. ಅಲ್ಲ, ವೇಗ

ಹಿಂದೆ ಅಮೆರಿಕದಲ್ಲಿಯೂ ಮಕ್ಕಳ ವಾಹನಗಳನ್ನು ಎಂಜಿನ್ನಿನ ಗಾತ್ರದ ಮೇಲೆ ವಿಂಗಡಿಸುತ್ತಿದ್ದರು. ಈಗ ವಯಸ್ಸು ಮತ್ತು ಗರಿಷ್ಠ ವೇಗಗಳೇ ಆಧಾರ. 2008ರ ಕಾಯಿದೆಯೊಂದು ಈ ಮಾನಕವನ್ನು ಅಲ್ಲಿ ಕಡ್ಡಾಯಗೊಳಿಸಿತು. ಇದರಂತೆ 6 ವರ್ಷಕ್ಕೆ ಮೇಲ್ಪಟ್ಟವರ ವಾಹನದ ವೇಗ ಗಂಟೆಗೆ 24 ಕಿ.ಮೀ. ಮೀರಕೂಡದು, ವೇಗಮಿತಿಯ ಸಾಧನವನ್ನು ಬಿಗಿಗೊಳಿಸಿದಾಗ 16 ಕಿ.ಮೀ. ಮೀರಕೂಡದು. 10 ಮತ್ತು 12 ವರ್ಷಕ್ಕೆ ಮೇಲ್ಪಟ್ಟವರ ಗುಂಪುಗಳಿಗೆ ಈ ಮಿತಿಗಳು ಕ್ರಮವಾಗಿ 48 ಮತ್ತು 24 ಕಿ.ಮೀ. ಪೂರ್ಣ ಗಾತ್ರದ ವಾಹನಕ್ಕೆ 16 ವರ್ಷ ತುಂಬಿರಬೇಕು.

ಈ ಅಂಕಿಗಳ ಅರ್ಥವನ್ನು ನಿಲುಗಡೆಯ ದೂರದಿಂದ ತಿಳಿಯಬಹುದು. ಅಪಾಯವನ್ನು ಕಂಡು ಬ್ರೇಕ್ ಹಿಡಿಯಲು ಮಗುವಿಗೆ ಒಂದು ಸೆಕೆಂಡು ಬೇಕೆಂದೂ ಘರ್ಷಣಾಂಕ 0.5 ಎಂದೂ ಎಣಿಸಿದರೆ, 16 ಕಿ.ಮೀ. ವೇಗದಲ್ಲಿ ವಾಹನ ಸುಮಾರು 6.5 ಮೀಟರಿನಲ್ಲಿ ನಿಲ್ಲುತ್ತದೆ. 24ರಲ್ಲಿ 11 ಮೀಟರು. 48ರಲ್ಲಿ ಸುಮಾರು 32 ಮೀಟರು. ವೇಗ ಮೂರು ಪಟ್ಟಾದಾಗ ದೂರ ಐದು ಪಟ್ಟಾಗುತ್ತದೆ, ಚಲನಶಕ್ತಿಯೋ ಒಂಬತ್ತು ಪಟ್ಟು.

ಅಳೆದು ನೋಡುವ ಕ್ರಮ

ಆಯ್ಕೆಗೆ ಮುನ್ನ ಮಗುವನ್ನು ನಿಂತ ವಾಹನದ ಮೇಲೆ ಹತ್ತಿಸಿ ನೋಡಬೇಕು. ಕಾಲಿಡುವ ಪಟ್ಟಿಗಳ ಮೇಲೆ ನೆಟ್ಟಗೆ ನಿಂತಾಗ ಕಾಲುಗಳ ಸಂದಿಗೂ ಆಸನಕ್ಕೂ ನಡುವೆ 8ರಿಂದ 15 ಸೆಂ.ಮೀ. ತೆರಪಿರಬೇಕು, ಇಲ್ಲದಿದ್ದರೆ ಮೇಲೆ ಹೇಳಿದಂತೆ ಮೈಭಾರ ಸರಿಸುವುದು ಆಗದ ಮಾತು. ಹ್ಯಾಂಡಲನ್ನು ಪೂರ್ತಿ ತಿರುಗಿಸಿದಾಗಲೂ ಎರಡು ಕೈಗಳಿಗೂ ಅದು ಎಟುಕಬೇಕು. ಹಿಡಿಯನ್ನು ಬಿಡದೆಯೇ ಬೆರಳುಗಳು ಬ್ರೇಕಿನ ಸನ್ನೆಯನ್ನು ಸುಲಭವಾಗಿ ಬಳಸಿ ಹಿಡಿಯಬೇಕು. ವೇಗವನ್ನು ಮಿತಿಗೊಳಿಸುವ ತಿರುಪು ಇದೆಯೇ, ಸವಾರ ಬಿದ್ದೊಡನೆ ಎಂಜಿನ್ ನಿಲ್ಲಿಸುವ ಕೊಕ್ಕೆದಾರ ಇದೆಯೇ ಎಂಬುದನ್ನು ನೋಡಬೇಕು. ಒಬ್ಬರಿಗಾಗಿ ರಚಿಸಿದ ವಾಹನದಲ್ಲಿ ಇಬ್ಬರು ಕೂರುವುದು ಸರ್ವಥಾ ಸಲ್ಲದು. ಶಿರಸ್ತ್ರಾಣ, ಗಟ್ಟಿ ಬೂಟು, ಕೈಗವಸು, ಜೊತೆಗೆ ಕಣ್ಣಿಟ್ಟು ನೋಡುವ ಹಿರಿಯರು – ಇವಿಲ್ಲದೆ ಎಂಜಿನ್ ಹಚ್ಚಕೂಡದು.

ಇಷ್ಟಾದರೂ ಒಂದು ಮಾತು ಉಳಿಯುತ್ತದೆ. 16 ವರ್ಷ ತುಂಬದವರು ಎ.ಟಿ.ವಿ. ನಡೆಸಲೇಬಾರದೆಂಬುದು ಅಮೆರಿಕದ ಶಿಶುವೈದ್ಯರ ಅಕಾಡೆಮಿಯ ಸಲಹೆ. ಕಾನೂನು 6 ವರ್ಷದವರಿಗೂ ವಾಹನ ಮಾರಲು ಅವಕಾಶವಿತ್ತಿರುವಾಗ ವೈದ್ಯರು ಹೀಗೇಕೆ ಹೇಳುತ್ತಾರೆ? ಯಂತ್ರದ ತೂಕವನ್ನು ಮಗುವಿಗೆ ತಕ್ಕಂತೆ ಇಳಿಸಬಹುದು, ವೇಗವನ್ನು ತಿರುಪಿನಿಂದ ಕಟ್ಟಬಹುದು. ಮುಂದಿನ ತಿರುವಿನಲ್ಲಿ ಏನಿದೆಯೆಂದು ಊಹಿಸುವ ವಿವೇಕವನ್ನು ಮಾತ್ರ ಯಂತ್ರಕ್ಕೆ ಜೋಡಿಸಲು ಬರುವುದಿಲ್ಲ. ಆದುದರಿಂದ “ಈ ವರ್ಷ ಬೇಡ” ಎಂಬುದೂ ಒಂದು ಸರಿಯಾದ ಆಯ್ಕೆಯೇ. ಮನೆಯ ತಮ್ಮನೋ ತಂಗಿಯೋ ಹಟ ಹಿಡಿದಾಗ ಕಾರಣ ಸಹಿತವಾಗಿ ಈ ಮಾತನ್ನು ತಿಳಿಸಿಹೇಳಬಲ್ಲವರು ಭೌತಶಾಸ್ತ್ರ ಓದಿದ ಅಣ್ಣ ಅಕ್ಕಂದಿರು.

ಅಭ್ಯಾಸ: 120 ಕಿಲೋಗ್ರಾಂ ತೂಕದ ವಾಹನದ ಮೇಲೆ 40 ಕಿಲೋಗ್ರಾಂ ತೂಕದ ಬಾಲಕಿಯೊಬ್ಬಳು ತನ್ನ ಮೈಭಾರವನ್ನು 20 ಸೆಂ.ಮೀ. ಪಕ್ಕಕ್ಕೆ ಸರಿಸುತ್ತಾಳೆ. ಗುರುತ್ವಕೇಂದ್ರ ಎಷ್ಟು ಸರಿಯುತ್ತದೆ? ಅವಳ ಹಿಂದೆ 30 ಕಿಲೋಗ್ರಾಂ ತೂಕದ ತಮ್ಮನು ಅಲುಗಾಡದೆ ಕುಳಿತಿದ್ದು, ಅವಳಿಗೆ 10 ಸೆಂ.ಮೀ. ಮಾತ್ರ ಸರಿಯಲು ಎಡೆಯಿದ್ದರೆ ಎಷ್ಟು? (ಉತ್ತರ: 5 ಸೆಂ.ಮೀ.; ಸುಮಾರು 2.1 ಸೆಂ.ಮೀ.)