ಹೊನಗೊನ್ನೆ ಅಂತ ನಾನು ಮಾರಿದ್ದು ಕೆರೆಯ ಕಳೆ

ಮೂರು ವರ್ಷದ ಹಿಂದಿನ ಮಾತು. ಭಾನುವಾರ ಬೆಳಿಗ್ಗೆ ವಿದ್ಯಾರಣ್ಯಪುರದಲ್ಲಿ ಸೊಪ್ಪಿನ ಕ್ರೇಟು ಇಳಿಸ್ತಾ ಇದ್ದೆ. ಪ್ರತಿ ವಾರ ಬರುವ ಒಬ್ಬ ಅಜ್ಜಿ ಹೊನಗೊನ್ನೆ ಕಟ್ಟು ಎತ್ತಿಕೊಂಡರು, ಒಂದು ಕಡ್ಡಿ ಮುರಿದು ನೋಡಿದರು. "ಏನಪ್ಪಾ, ಕಡ್ಡಿ ಒಳಗೆ ಪೊಳ್ಳು? ಇದು ಹೊನಗೊನ್ನೆ ಅಲ್ಲ ಕಣಪ್ಪಾ" ಅಂದರು. ನಾನು ತೋಟಗಾರಿಕೆ ಓದಿದವನು. ನಗುತ್ತಾ, "ಅಜ್ಜಿ, ನೀರು ಚೆನ್ನಾಗಿ ಕುಡಿದಿದೆ, ಅದಕ್ಕೇ ದಪ್ಪ ಆಗಿದೆ" ಅಂದೆ. ಅವರು ಕಟ್ಟಿನೊಳಗಿಂದ ಒಂದು ಬಿಳಿ ಹೂವು ಎಳೆದು ತೋರಿಸಿದರು. "ಹೊನಗೊನ್ನೆ ಹೂವು ಗೆಣ್ಣಿಗೇ ಅಂಟ್ಕೊಂಡಿರುತ್ತೆ. ಇದು ನೋಡು, ಕಡ್ಡಿ ಮೇಲೆ ನಿಂತಿದೆ."

ಅಜ್ಜಿ ಹೇಳಿದ್ದೇ ಸರಿ. ಅದು ಅಲಿಗೇಟರ್ ಕಳೆ. ಸಸ್ಯಶಾಸ್ತ್ರದ ಹೆಸರು ಆಲ್ಟರ್ನಾಂಥೆರಾ ಫಿಲಾಕ್ಸೆರಾಯ್ಡಿಸ್. ನಮ್ಮ ಹೊನಗೊನ್ನೆ ಆಲ್ಟರ್ನಾಂಥೆರಾ ಸೆಸೈಲಿಸ್. ಒಂದೇ ಕುಲದ ದಾಯಾದಿಗಳು, ಎಲೆ ನೋಡಿದರೆ ಅಣ್ಣ ತಮ್ಮ. ಆವತ್ತು ಮಾರಿದ್ದ ಕಟ್ಟುಗಳನ್ನೆಲ್ಲ ಫೋನ್ ಮಾಡಿ ವಾಪಸ್ ಕೇಳಿದೆ, ದುಡ್ಡು ಕೊಟ್ಟೆ. ಎರಡು ಮನೆಯಲ್ಲಿ ಆಗಲೇ ಬಸ್ಸಾರು ಆಗಿತ್ತು.

ನನ್ನ ಹೊಲಕ್ಕೆ ಅದು ಬಂದಿದ್ದು ಹೇಗೆ? ಆ ಬೇಸಿಗೆಯಲ್ಲಿ ಒಂದು ಕೆರೆಯಿಂದ ಆರು ಟ್ರ್ಯಾಕ್ಟರ್ ಗೋಡು ಹೊಡೆಸಿದ್ದೆ. ಕೆರೆಗೋಡು ಚಿನ್ನ ಅಂತ ನಮ್ಮ ತಾತನ ಕಾಲದಿಂದಲೂ ಕೇಳಿದ ಮಾತು. ಗೋಡಿನಲ್ಲಿ ಒಣಗಿದ ಬಳ್ಳಿ ತುಂಡುಗಳಿದ್ದವು, ಗೊಬ್ಬರ ಆಗುತ್ತೆ ಬಿಡು ಅಂದುಕೊಂಡೆ. ಮೇಲಿಂದ ರೋಟವೇಟರ್ ಹೊಡೆಸಿದೆ. ಒಂದು ಬಳ್ಳಿ ಇಪ್ಪತ್ತು ತುಂಡಾಯಿತು. ಮಳೆ ಶುರುವಾದಾಗ ಬದುವಿನ ಪಕ್ಕದ ತೇವದ ಮೂಲೆಯಲ್ಲಿ 'ಹೊನಗೊನ್ನೆ' ತಾನಾಗೇ ಎದ್ದು ಬಂತು. ಬಿತ್ತದೆ ಬಂದ ಬೆಳೆ ಅಂತ ಖುಷಿಯಾಗಿ ಕೊಯ್ದೆ. ಕಾಲೇಜಿನಲ್ಲಿ ಕಳೆಶಾಸ್ತ್ರದ ಪೇಪರ್ ಪಾಸಾದವನ ಕಥೆ ಇದು!

ಈ ಗಿಡದ ಗುಟ್ಟು ಗೆಣ್ಣಿನಲ್ಲಿದೆ. ಹುಟ್ಟೂರು ದಕ್ಷಿಣ ಅಮೆರಿಕದ ಪರಾನಾ ನದಿ ಸೀಮೆ. ಅಲ್ಲಿಂದ ಹೊರಗೆ ಬಂದ ಕಡೆಗಳಲ್ಲಿ ಇದು ಮೊಳೆಯುವ ಬೀಜ ಕಟ್ಟುವುದು ತೀರಾ ಅಪರೂಪ, ಆದರೆ ಬೀಜದ ಅಗತ್ಯವೂ ಇಲ್ಲ. ಒಂದು ಗೆಣ್ಣಿರುವ ತುಂಡು ತೇವ ಕಂಡರೆ ಸಾಕು, ಬೇರು ಬಿಡುತ್ತೆ. ನೀರಿನಲ್ಲಿ ಬೆಳೆದಾಗ ಕಾಂಡ ದಪ್ಪ, ಒಳಗೆ ಪೊಳ್ಳು, ಅದರಿಂದಲೇ ತೇಲುತ್ತೆ. ದಡಕ್ಕೆ ಬೇರು ಬಿಟ್ಟು, ನೀರಿನ ಮೇಲೆ ಚಾಪೆ ಹಾಸಿದಂತೆ ಹಬ್ಬುತ್ತೆ. ನೆಲದಲ್ಲಿ ಬೆಳೆದಾಗ ಕಾಂಡ ಸಣ್ಣ, ಪೊಳ್ಳು ಕಿರಿದು, ಆದರೆ ಮಣ್ಣಿನ ಕೆಳಗೆ ದಪ್ಪ ಬೇರು ಇಳಿಸುತ್ತೆ. ಅಂತರಗಂಗೆಯನ್ನು ನೀರಿನಿಂದ ಎತ್ತಿ ಹಾಕಿದರೆ ಒಣಗಿ ಸಾಯುತ್ತೆ. ಇದು ಎರಡೂ ಕಡೆ ಬದುಕುತ್ತೆ, ಅದಕ್ಕೇ ರೈತನಿಗೆ ಅಂತರಗಂಗೆಗಿಂತ ಇದರ ಭಯ ಜಾಸ್ತಿ ಇರಬೇಕು.

ನಮ್ಮ ದೇಶಕ್ಕೆ ಇದು ಹೊಸದೇನಲ್ಲ. ಭಾರತದ ಕೆರೆಗಳಲ್ಲಿ ಈ ಕಳೆ ಇದೆ ಅಂತ ಜೆ.ಕೆ. ಮಹೇಶ್ವರಿ ಅವರು 1965ರಲ್ಲೇ 'ನೇಚರ್' ಪತ್ರಿಕೆಯಲ್ಲಿ ಬರೆದಿದ್ದರು. ಬೆಂಗಳೂರಿನ ಕೆರೆಗಳಲ್ಲಿ ಇದು ಸೊಂಪಾಗಿರುವುದಕ್ಕೆ ಕಾರಣ ನಾವೇ. ಚರಂಡಿ ನೀರಿನಲ್ಲಿ ಸಾರಜನಕ, ರಂಜಕ ಎರಡೂ ಬೇಕಾದಷ್ಟಿವೆ, ಅಂದರೆ ಕಳೆಗೆ ಪ್ರತಿದಿನ ಯೂರಿಯಾ, ಡಿಎಪಿ ಹಾಕಿದಂತೆ. ಜಕ್ಕೂರು ಕೆರೆ ನೋಡಿ. ಆರಂಭದಲ್ಲಿ ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದ್ದಾಗಿದ್ದ ಶುದ್ಧೀಕರಣ ಘಟಕದ ನೀರು ಅಲ್ಲಿ ಒಂದು ಜೌಗು ದಾಟಿ ಕೆರೆಗೆ ಇಳಿಯುತ್ತೆ. ಆ ಜೌಗಿನಲ್ಲಿ ಜಂಬುಹುಲ್ಲಿನ ಜೊತೆ ಈ ಅಲಿಗೇಟರ್ ಕಳೆಯೂ ಇದೆ, ನೀರಿನಲ್ಲಿ ಉಳಿದ ಪೋಷಕಾಂಶ ಹೀರುವ ಕೆಲಸ ಮಾಡುತ್ತೆ. ಅಲ್ಲಿ ಅದು ಕೂಲಿಯಾಳು, ನಮ್ಮ ಹೊಲದಲ್ಲಿ ಕಳ್ಳ. ಗಿಡಕ್ಕೆ ಬೈದು ಪ್ರಯೋಜನ ಇಲ್ಲ, ಜಾಗ ನೋಡಿ ಮಾತಾಡಬೇಕು.

ತಿಂದರೆ ಏನಾಗುತ್ತೆ ಅಂತ ಎಲ್ಲರೂ ಕೇಳ್ತಾರೆ. ಗಿಡ ವಿಷ ಅಲ್ಲ, ಕೆಲವು ಕಡೆ ತಿನ್ನುತ್ತಾರೆ ಕೂಡ. ತೊಂದರೆ ಇರುವುದು ಅದು ಬೆಳೆದ ನೀರಿನಲ್ಲಿ. ಪೋಷಕಾಂಶ ಹೀರುವ ಬೇರು ಸೀಸ, ಕ್ಯಾಡ್ಮಿಯಂನಂಥ ಭಾರಲೋಹವನ್ನೂ ಹೀರುತ್ತೆ. ಚರಂಡಿ ಸೇರುವ ಕೆರೆಯಂಚಲ್ಲಿ ಕೊಯ್ದ ಸೊಪ್ಪು ಹೊನಗೊನ್ನೆಯ ಹೆಸರಿನಲ್ಲಿ ಮಾರುಕಟ್ಟೆಗೆ ಬಂದರೆ, ಕಣ್ಣಿಗೆ ಒಳ್ಳೇದು ಅಂತ ಮಕ್ಕಳಿಗೆ, ಬಾಣಂತಿಯರಿಗೆ ತಿನ್ನಿಸುವವರೇ ಹೆಚ್ಚು. ಯೋಚನೆ ಆಗಬೇಕಾದ್ದು ಅಲ್ಲಿ. ತೊಳೆದರೆ ಹೋಗುತ್ತೆ ಅನ್ನಬೇಡಿ, ಎಲೆಯ ಒಳಗಿರುವ ಲೋಹ ತೊಳೆದರೆ ಹೋಗಲ್ಲ.

ಹಸುವಿಗೆ ಹಾಕುವವರಿಗೂ ಒಂದು ಮಾತು. ಆಸ್ಟ್ರೇಲಿಯಾದಲ್ಲಿ ಇದನ್ನು ಮೇಯ್ದ ಹಾಲಿನ ಹಸುಗಳಿಗೆ ಬಿಸಿಲು ತಾಗಿದ ಕಡೆ ಚರ್ಮ ಸುಟ್ಟಂತಾದ ಪ್ರಕರಣ ದಾಖಲಾಗಿದೆ. ಎಚ್‌ಎಫ್‌ ಹಸುವಿನ ಬಿಳಿ ಮೈಗೆ ಹೀಗಾದರೆ ಅಲರ್ಜಿ ಅಂದುಕೊಂಡು ಸುಮ್ಮನಾಗಬೇಡಿ, ಮೇವು ಏನು ಹಾಕಿದಿರಿ ಅಂತ ಮೊದಲು ನೋಡಿ.

ಆಸ್ಟ್ರೇಲಿಯಾದ ಇನ್ನೊಂದು ಕಥೆ ನನಗೆ ಸಮಾಧಾನ ಕೊಟ್ಟಿತು, ನಾನೊಬ್ಬನೇ ದಡ್ಡ ಅಲ್ಲ ಅಂತ. ಶ್ರೀಲಂಕಾದವರು ನಮ್ಮ ಹೊನಗೊನ್ನೆಗೆ ಮುಕುಣುವೆನ್ನ ಅಂತಾರೆ. ಮೆಲ್ಬೋರ್ನ್ ಕಡೆ ನೆಲೆಸಿದ ಶ್ರೀಲಂಕಾದ ಕುಟುಂಬಗಳು ಮುಕುಣುವೆನ್ನ ಅಂತಲೇ ಹಿತ್ತಿಲಲ್ಲಿ ಇದನ್ನು ಬೆಳೆದು, ಕಡ್ಡಿ ಹಂಚಿಕೊಂಡಿದ್ದರು. 1990ರ ದಶಕದಲ್ಲಿ ಇದು ಗೊತ್ತಾದಾಗ ಅಲ್ಲಿನ ಸರ್ಕಾರ ಗಿಡ ಕಿತ್ತು ಸುಮ್ಮನಾಗಲಿಲ್ಲ, ಅದೇ ಕುಲದ ಬೇರೊಂದು ಸೊಪ್ಪನ್ನು ಬದಲಿಗೆ ಕೊಟ್ಟಿತು.

ಈಗ ಗುರುತು ಹಿಡಿಯೋದು. ಎಲೆ ನಂಬಬೇಡಿ, ನೀರು ಗೊಬ್ಬರದ ಮೇಲೆ ಎಲೆ ಬದಲಾಗುತ್ತೆ. ಹೂವು ನಂಬಿ. ಹೊನಗೊನ್ನೆಯ ಬಿಳಿ ಹೂಗುಚ್ಛ ಪುಟ್ಟದು, ತೊಟ್ಟೇ ಇಲ್ಲದೆ ಎಲೆಯ ಸಂದಿನಲ್ಲಿ ಕೂತಿರುತ್ತೆ. ಅಲಿಗೇಟರ್ ಕಳೆಯದ್ದು ಒಂದು ಸೆಂ.ಮೀ.ಗಿಂತ ಸ್ವಲ್ಪ ಅಗಲದ ದುಂಡನೆಯ ಗುಚ್ಛ, ಎರಡು ಸೆಂ.ಮೀ.ಗಿಂತ ಉದ್ದದ ತೊಟ್ಟಿನ ತುದಿಯಲ್ಲಿ ಎದ್ದು ನಿಂತಿರುತ್ತೆ. ಹೂವಿಲ್ಲದಿದ್ದರೆ ಬಲಿತ ಕಾಂಡ ಅಡ್ಡ ಕತ್ತರಿಸಿ ನೋಡಿ, ಸ್ಟ್ರಾ ಥರ ದೊಡ್ಡ ಪೊಳ್ಳಿದ್ದರೆ ಅನುಮಾನ ಪಡಿ. ಆದರೂ ಹೂವು ಬರುವವರೆಗೆ ತೀರ್ಮಾನ ಮಾಡಬೇಡಿ. ಫೋನಿನ ಆಪ್‌ಗಳಿಗೆ ಎಲೆಯ ಫೋಟೋ ಮಾತ್ರ ಕೊಟ್ಟರೆ ಎರಡನ್ನೂ ಕಲಸಿಬಿಡುತ್ತವೆ. ತೊಟ್ಟು ಕಾಣುವಂತೆ ಹೂವು, ಜೊತೆಗೆ ಕತ್ತರಿಸಿದ ಕಾಂಡ, ಎರಡು ಫೋಟೋ ತೆಗೆದು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಕಳಿಸಿ. ದೊಡ್ಡಬಳ್ಳಾಪುರದ ಕಡೆಯವರಿಗೆ ಹಾಡೋನಹಳ್ಳಿಯಲ್ಲಿದೆ, ಇತ್ತ ಜಿಕೆವಿಕೆ ಇದೆ. ನರಸೀಪುರ ಕೆರೆ, ದೊಡ್ಡಬೊಮ್ಮಸಂದ್ರ ಕೆರೆ ಕಡೆ ಹೋದಾಗ ನೀರಂಚಲ್ಲಿ ನಿಂತು ಕಣ್ಣು ಪಳಗಿಸಿಕೊಳ್ಳಿ, ಆದರೆ ಏನೂ ಕಿತ್ತು ತರಬೇಡಿ.

ಹೊಲಕ್ಕೆ ಬಂದುಬಿಟ್ಟಿದ್ದರೆ? ರೋಟವೇಟರ್, ಪವರ್ ವೀಡರ್, ಬ್ರಷ್ ಕಟರ್ ಮೂರನ್ನೂ ಆ ಜಾಗಕ್ಕೆ ತರಬೇಡಿ. ಗುದ್ದಲಿಯಲ್ಲಿ ಸುತ್ತಲೂ ಅಗೆದು, ಬೇರಿನ ತುಂಡು ಉಳಿಯದಂತೆ ಕೈಯಲ್ಲಿ ಆರಿಸಬೇಕು. ನಾನು ಒಂದು ಗುಂಟೆಗೆ ನಾಲ್ಕು ದಿನ ತಗೊಂಡೆ. ಕಿತ್ತದ್ದನ್ನು ತಿಪ್ಪೆಗೆ, ಕಾಲುವೆಗೆ ಹಾಕಬಾರದು, ಹೊದಿಕೆಗೂ ಬಳಸಬಾರದು. ಟಾರ್ಪಾಲಿನ ಮೇಲೆ ಹರಡಿ, ಮುಟ್ಟಿದರೆ ಪುಡಿಯಾಗುವವರೆಗೆ ಬಿಸಿಲಿಗೆ ಒಣಗಿಸಿ ಸುಡಿ. ಗುದ್ದಲಿ, ಬೂಟು, ಟ್ರ್ಯಾಕ್ಟರ್ ಚಕ್ರ ಅಲ್ಲೇ ತೊಳೆದು ಹೊರಗೆ ತನ್ನಿ. ಪಕ್ಕದವರು ಗ್ಲೈಫೋಸೇಟ್ ಹೊಡಿ ಅಂದರು. ಸಾವಯವದವನಾದ್ದರಿಂದ ನಾನು ಹೊಡೆಯಲಿಲ್ಲ, ಹೊಡೆದಿದ್ದರೂ ಪೂರ್ತಿ ಫಲ ಇರ್ತಿರಲಿಲ್ಲ. ಮೇಲಿನದು ಸುಡುತ್ತೆ, ಕೆಳಗಿನ ಬೇರು ಮತ್ತೆ ಚಿಗುರುತ್ತೆ, ಔಷಧಿ ಬಿದ್ದ ಗಿಡ ಕಳಚಿಕೊಳ್ಳುವ ತುಂಡುಗಳೂ ಬದುಕುತ್ತವೆ.

ಹುಳ ಬಿಟ್ಟು ತಿನ್ನಿಸಬಹುದಲ್ಲ ಅಂತ ಕೇಳುವವರಿದ್ದಾರೆ. ಅಂತರಗಂಗೆಗೆ ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲಿ ನಿಯೋಚೆಟಿನಾ ಅನ್ನೋ ಮೂತಿಹುಳ ತಂದು ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟರು, ಒಳ್ಳೆ ಫಲವೂ ಸಿಕ್ಕಿತು. ಅಲಿಗೇಟರ್ ಕಳೆಗೆ ಅಮೆರಿಕದವರು 1964ರಲ್ಲಿ ಒಂದು ಜೀರುಂಡೆ ಬಿಟ್ಟರು. ನೀರಿನ ಮೇಲಿನ ಚಾಪೆಯನ್ನು ಅದು ತಿಂದಿತು, ನೆಲದ ಮೇಲಿನ ಗಿಡದ ಮೇಲೆ ಅಷ್ಟು ಕೆಲಸ ನಡೆಯಲಿಲ್ಲ. ಹೊಲದಲ್ಲಿರುವುದಕ್ಕೆ ಸದ್ಯಕ್ಕೆ ಗುದ್ದಲಿಯೇ ಗತಿ.

ನಿಜವಾದ ಹೊನಗೊನ್ನೆ ಬೆಳೆಯೋದು ಸುಲಭ. ಹೂವು ನೋಡಿ ಖಾತ್ರಿ ಮಾಡಿಕೊಂಡ ತಾಯಿಗಿಡದಿಂದ ಎರಡು ಮೂರು ಗೆಣ್ಣಿನ ಕಡ್ಡಿ ತಂದು, ಏರುಮಡಿಯಲ್ಲಿ ನೆಟ್ಟು ಬೋರ್‌ವೆಲ್‌ ನೀರು ಕೊಡಿ. ಬೇರು ಹಿಡಿದ ಮೇಲೆ ಚಿಗುರು ಕೊಯ್ದಷ್ಟೂ ಬರುತ್ತೆ. ಗೋಡು ಹೊಡೆಸುವುದಾದರೆ ಕೆರೆಯಂಚಿನ ಹಸಿ ಪದರ ಬೇಡ, ನಡುವಿನ ಒಣಗಿದ ಗೋಡು ಕೇಳಿ. ತಂದದ್ದನ್ನು ಹೊಲಕ್ಕೆ ಹರಡುವ ಮೊದಲು ಒಂದು ಮಳೆಗಾಲ ಮೂಲೆಯಲ್ಲಿ ರಾಶಿ ಹಾಕಿ, ಏನು ಚಿಗುರುತ್ತೆ ನೋಡಿ.

ಆ ಅಜ್ಜಿ ಈಗಲೂ ಬರ್ತಾರೆ, ಕಟ್ಟು ಎತ್ತಿದ ಕೂಡಲೇ ಕಡ್ಡಿ ಮುರಿದು ನೋಡ್ತಾರೆ. ನಾನೂ ತಿಂಗಳಿಗೊಮ್ಮೆ ಆ ಮೂಲೆಗೆ ಹೋಗಿ ಬಗ್ಗಿ ನೋಡ್ತೀನಿ. ಕಳೆದ ವಾರ ಬದುವಿನ ಕಲ್ಲಿನ ಸಂದಿಯಲ್ಲಿ ಎರಡು ಚಿಗುರು ಸಿಕ್ಕವು.