ಅಷ್ಟಮಿ ನೋಡಿ ಹಾಲಿಬಟ್, ಜೂನ್ 11 ಕಳೆದು ಟ್ರೌಟ್

ಅಲಾಸ್ಕಕ್ಕೆ ಮೀನು ಹಿಡಿಯಲು ಹೊರಟ ಕುಟುಂಬ ವಿಮಾನದ ಟಿಕೆಟಿಗೂ ಮೊದಲು ಪಂಚಾಂಗ ತೆಗೆದು ನೋಡುವುದು ಒಳ್ಳೆಯದು. ಇದು ತಮಾಷೆಯ ಮಾತಲ್ಲ. ಹೋಮರ್ ಊರಿನ ಕಡಲಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಉಬ್ಬರಕ್ಕೂ ಇಳಿತಕ್ಕೂ ನಡುವಿನ ಅಂತರ ಎಂಟು ಮೀಟರ್ ಮುಟ್ಟುವುದುಂಟು, ಎರಡಂತಸ್ತಿನ ಮನೆ ಮುಳುಗುವಷ್ಟು. ಆ ಸೆಳೆತಕ್ಕೆ ಕಿಲೋ ತೂಕದ ಸೀಸದ ಗುಂಡು ಕಟ್ಟಿದರೂ ಗಾಳ ತಳ ಮುಟ್ಟದು. ಹಾಲಿಬಟ್ ಎಂಬ ಕಡಲ ಮೀನು ಇರುವುದು ತಳದಲ್ಲೇ. ಹಾಗಾಗಿ ಅಷ್ಟಮಿ ಕಳೆದ ಒಂದೆರಡು ದಿನಗಳಲ್ಲಿ, ನೀರಿನ ಎಳೆತ ತಗ್ಗಿರುವಾಗ, ದೋಣಿ ಗೊತ್ತುಮಾಡಿದವರಿಗೆ ಕೆಲಸ ಹಗುರ. ಕರಾವಳಿಯ ಮೊಗವೀರರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ನದಿಯ ಟ್ರೌಟ್, ಕಡಲಿನ ಹಾಲಿಬಟ್ ಎರಡೂ ಒಂದೇ ಹೆದ್ದಾರಿಯಲ್ಲಿ ಸಿಗುವ ಜಾಗ ಆ್ಯಂಕರೇಜ್ ದಕ್ಷಿಣದ ಕೀನಾಯ್ ಪರ್ಯಾಯ ದ್ವೀಪ. ಸಿಯಾಟಲ್‌ನಿಂದ ಆ್ಯಂಕರೇಜಿಗೆ ವಿಮಾನದಲ್ಲಿ ಸುಮಾರು ಮೂರೂವರೆ ಗಂಟೆ. ಅಲ್ಲಿಂದ ಬಾಡಿಗೆ ಕಾರಿನಲ್ಲಿ 160 ಕಿ.ಮೀ. ಹೋದರೆ ಟ್ರೌಟಿನ ಊರು ಕೂಪರ್ ಲ್ಯಾಂಡಿಂಗ್. ಮುಂದೆ ಮತ್ತೆ ಇನ್ನೂರು ಕಿ.ಮೀ. ಹತ್ತಿರ ಸಾಗಿದರೆ ಸ್ಟರ್ಲಿಂಗ್ ಹೆದ್ದಾರಿ ಮುಗಿದು ಹೋಮರ್ ಎದುರಾಗುತ್ತದೆ. ಅಮೆರಿಕದಲ್ಲಿರುವ ಮಗ, ಮಗಳ ಮನೆಗೆ ಬಂದ ಅಪ್ಪ–ಅಮ್ಮನನ್ನೂ ಕರೆದುಕೊಂಡು ಹೋಗುವವರಿಗೆ ಆರು ದಿನ ಸಾಕು: ಎರಡು ನದಿಗೆ, ಎರಡು ಕಡಲಿಗೆ, ಉಳಿದೆರಡು ದಾರಿಗೆ.

ಮೊದಲು ನದಿ

ಮೇಲಿನ ಕೀನಾಯ್ ನದಿಯ ನೀರು ಹಸಿರು ಬೆರೆತ ನೀಲಿ. ಹಿಮನದಿಗಳು ಬಂಡೆ ಅರೆದು ತಂದ ನುಣ್ಣನೆಯ ಪುಡಿಯಿಂದ ಬಂದ ಬಣ್ಣ ಅದು. ಈ ಭಾಗದಲ್ಲಿ ಮೋಟಾರಿನ ಸದ್ದಿಲ್ಲ. ಮಾರ್ಗದರ್ಶಿ ಹುಟ್ಟು ಹಾಕುತ್ತಾ ದೋಣಿಯನ್ನು ಹರಿವಿಗೆ ಬಿಡುತ್ತಾನೆ. ಕೂತವರು ಗಾಳ ಇಳಿಬಿಡುತ್ತಾರೆ. ಏಳೆಂಟು ವರ್ಷದ ಮಗುವಿಗೂ ಅರ್ಧ ದಿನದ ಸವಾರಿ ಒಗ್ಗುತ್ತದೆ. ಇಡೀ ದಿನ ಬೇಡ, ಮಧ್ಯಾಹ್ನದ ಹೊತ್ತಿಗೆ ಮಕ್ಕಳ ಕೈ ಮರಗಟ್ಟುತ್ತದೆ.

ಇಲ್ಲಿನ ಕಾಮನಬಿಲ್ಲು (ರೇನ್‌ಬೋ) ಟ್ರೌಟ್ ಸಾಕಿ ಬಿಟ್ಟದ್ದಲ್ಲ, ನದಿಯದ್ದೇ ಮೀನು; ಮೊಟ್ಟೆಯಿಡುವುದು ವಸಂತದಲ್ಲಿ. ಆ ಕಾರಣಕ್ಕೆ ಮೇ ತಿಂಗಳಿಡೀ ನದಿಗೆ ಬೀಗ. ತೆರೆಯುವುದು ಜೂನ್ 11ಕ್ಕೆ. ಎರೆ ಕಟ್ಟುವಂತಿಲ್ಲ. ಒಂದೇ ಕೊಕ್ಕೆ, ಅದಕ್ಕೆ ಕೃತಕ ನೊಣ ಅಥವಾ ಮಣಿ. ಆಗಸ್ಟ್, ಸೆಪ್ಟೆಂಬರಿನಲ್ಲಿ ಸಾಲ್ಮನ್ ಮೊಟ್ಟೆಯಿಡುವಾಗ ತಪ್ಪಿಸಿಕೊಂಡು ತೇಲುವ ಕೆಂಪು ಮೊಟ್ಟೆಗಳನ್ನು ತಿಂದೇ ಟ್ರೌಟ್ ಕೊಬ್ಬುತ್ತದೆ. ಮಣಿ ಆ ಮೊಟ್ಟೆಯದ್ದೇ ನಕಲು. ದೊಡ್ಡ ಮೀನಿನ ಆಸೆಯಿದ್ದರೆ ಆ ತಿಂಗಳುಗಳೇ ಸರಿ. ಅಮೆರಿಕದ ಶಾಲೆಯ ರಜೆಯೊಳಗೇ ಮುಗಿಸಬೇಕೆಂದರೆ ಜೂನ್ ನಡುವಿನಿಂದ ಜುಲೈ ತನಕ. ಜುಲೈನಲ್ಲಿ ಸಾಲ್ಮನ್‌ಗಾಗಿ ಜನ ಮುತ್ತುವುದರಿಂದ ಕೋಣೆಗಳನ್ನು ಚಳಿಗಾಲದಲ್ಲೇ ಕಾದಿರಿಸಬೇಕು.

ಟ್ರೌಟ್ ಹಿಡಿದವರಲ್ಲಿ ಹೆಚ್ಚಿನವರು ಅದನ್ನು ನೀರಿಗೆ ಮರಳಿಸುತ್ತಾರೆ. ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು, ಒಣಗೈ ಅದರ ಮೈಯ ಲೋಳೆ ಕೀಳುತ್ತದೆ. ಮೀನಿನ ತಲೆಯನ್ನು ಹರಿವಿನ ಎದುರಿಗೆ ಹಿಡಿದರೆ ಕಿವಿರು ಅಗಲಿಸಿ ಉಸಿರೆಳೆದುಕೊಂಡು, ಒಂದು ಕ್ಷಣ ಅಂಗೈಯಲ್ಲೇ ನಿಂತು, ಬಾಲ ಬಡಿದು ತಾನಾಗಿ ಜಾರುತ್ತದೆ. ಕಾವೇರಿ ದಂಡೆಯ ಭೀಮೇಶ್ವರಿಯಲ್ಲಿ ಒಂದು ಕಾಲಕ್ಕೆ ಮಹಶೀರ್ ಹಿಡಿದು ಬಿಡುತ್ತಿದ್ದವರಿಗೆ ಇದು ಹೊಸದೇನಲ್ಲ.

ನದಿಗಿಳಿಯುವವರು ಬೂಟಿನ ಅಡಿಯನ್ನೊಮ್ಮೆ ನೋಡಿಕೊಳ್ಳಬೇಕು. ರೋಗಾಣುಗಳನ್ನು ಒಂದು ನೀರಿನಿಂದ ಇನ್ನೊಂದಕ್ಕೆ ಒಯ್ಯುತ್ತದೆಂದು ಫೆಲ್ಟ್ ಎಂಬ ಗಟ್ಟಿಬಟ್ಟೆಯ ಅಡಿಯಿರುವ ಬೂಟನ್ನು ಸಿಹಿನೀರಿನಲ್ಲಿ 2012ರಿಂದ ನಿಷೇಧಿಸಲಾಗಿದೆ. ಕರಡಿಗೆ ಎರಚುವ ಖಾರದ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಆ್ಯಂಕರೇಜಿನಲ್ಲೇ ಕೊಳ್ಳಬೇಕು. ಪಕ್ಕದ ರಷ್ಯನ್ ನದಿಗೆ ಸಾಲ್ಮನ್ ಹುಡುಕಿ ಬರುವವರಲ್ಲಿ ಕಂದು ಕರಡಿಗಳೂ ಸೇರಿವೆ.

ಆಮೇಲೆ ಕಡಲು

ಹೋಮರ್‌ನ ದೋಣಿಕಟ್ಟೆ ಇರುವುದು ಕಾಚೆಮ್ಯಾಕ್ ಕೊಲ್ಲಿಯೊಳಕ್ಕೆ ಏಳು ಕಿ.ಮೀ. ಚಾಚಿದ ಮರಳು ನಾಲಿಗೆಯ ಮೇಲೆ. ಹಾಲಿಬಟ್ ನಮ್ಮ ಕರಾವಳಿಯ ನಂಗು ಮೀನಿನ ದೂರದ ನೆಂಟ, ಗಾತ್ರ ಮಾತ್ರ ಬೇರೆ. ಮರಿಯಾಗಿದ್ದಾಗ ಕಣ್ಣುಗಳು ಎರಡು ಬದಿಗಿರುತ್ತವೆ. ಬೆಳೆಯುತ್ತಾ ಎಡಗಣ್ಣು ತಲೆ ದಾಟಿ ಬಲಗಡೆಗೆ ಬಂದು ಕೂರುತ್ತದೆ. ಅಲ್ಲಿಂದಾಚೆ ಕಣ್ಣಿಲ್ಲದ ಬಿಳಿ ಮಗ್ಗುಲನ್ನು ಮರಳಿಗೆ ಒತ್ತಿ ಮಲಗುವುದೇ ಅದರ ಬದುಕು. ಗಾಳಕ್ಕೆ ಬಿದ್ದ ಹಾಲಿಬಟ್‌ಗಳಲ್ಲಿ ಅಲಾಸ್ಕದ ದಾಖಲೆ 1996ರದ್ದು, 459 ಪೌಂಡ್, ಎಂದರೆ 208 ಕಿಲೋ. ಕುಟುಂಬದ ಪಾಲಿಗೆ ಬರುವುದು ಸಾಮಾನ್ಯವಾಗಿ ಐದರಿಂದ ಹದಿನೈದು ಕಿಲೋದ್ದು. ರುಚಿಯೂ ಅದರಲ್ಲೇ ಹೆಚ್ಚು.

ಇಡೀ ದಿನದ ದೋಣಿಗೆ ತಲೆಗೆ ಮುನ್ನೂರು ಡಾಲರಿಗೂ ಮೇಲೆ ಬೀಳುತ್ತದೆ. ಮೀನಿರುವ ಜಾಗ ತಲುಪಲೇ ಒಂದೆರಡು ಗಂಟೆ. ಮಕ್ಕಳು, ಹಿರಿಯರು ಇದ್ದರೆ ಅರ್ಧ ದಿನದ ದೋಣಿ ಮೇಲು: ಮೀನು ಚಿಕ್ಕದು, ಅಲೆಯೂ ಕಡಿಮೆ. ಕಡಲ ವಾಂತಿಯ ಮಾತ್ರೆ ನುಂಗಬೇಕಾದ್ದು ಹತ್ತುವ ಮೊದಲು. ಹೊಟ್ಟೆ ತೊಳಸತೊಡಗಿದ ಮೇಲೆ ನುಂಗಿ ಫಲವಿಲ್ಲ. ಜೂನ್‌ನಲ್ಲೂ ಬಿಸಿಲು 15 ಡಿಗ್ರಿಯ ಸುತ್ತಮುತ್ತಲೇ. ಒಂದರ ಮೇಲೊಂದು ತೊಡಲು ಸ್ವೆಟರ್, ಹೊರಗೆ ಮಳೆಯಂಗಿ ಬೇಕೇಬೇಕು.

ವೃತ್ತಾಕಾರದ ಕೊಕ್ಕೆಗೆ ಹೆರಿಂಗ್ ಮೀನು ಸಿಕ್ಕಿಸಿ ತಳಕ್ಕೆ ಬಿಟ್ಟ ಮೇಲೆ ಹೊಸಬರು ಮಾಡುವ ತಪ್ಪು ಒಂದೇ: ಕುಟುಕಿದ ಕೂಡಲೇ ಗಾಳ ಜಗ್ಗುವುದು. ಜಗ್ಗಿದರೆ ಕೊಕ್ಕೆ ಬಾಯಿಂದ ಹೊರಗೆ. ಕೋಲು ಬಾಗುವ ತನಕ ಕಾದು ಮೆಲ್ಲಗೆ ಸುತ್ತಿದರೆ ಕೊಕ್ಕೆ ತಾನಾಗಿ ದವಡೆಯ ಮೂಲೆಗೆ ನಾಟುತ್ತದೆ. ಅರವತ್ತು ಮೀಟರ್ ಆಳದಿಂದ ಮೇಲೆತ್ತುವಾಗ ತೋಳು ಸೋತರೆ ಕೋಲನ್ನು ಅಪ್ಪನಿಂದ ಮಗಳಿಗೆ ದಾಟಿಸುವವರೂ ಇದ್ದಾರೆ.

ಕಾನೂನು ಪ್ರತಿ ವರ್ಷ ಬದಲಾಗುತ್ತದೆ. ಅಮೆರಿಕ, ಕೆನಡಾ ಸೇರಿ 1923ರಲ್ಲಿ ಕಟ್ಟಿದ ಹಾಲಿಬಟ್ ಆಯೋಗ ಮೀನಿನ ಲೆಕ್ಕ ನೋಡಿ ಮಿತಿ ಹಾಕುತ್ತಾ ಬಂದಿದೆ. ಈಚಿನ ವರ್ಷಗಳಲ್ಲಿ ಚಾರ್ಟರ್ ದೋಣಿಯಲ್ಲಿ ಹೋದವರಿಗೆ ಬುಧವಾರ ಹಾಲಿಬಟ್ ಇಟ್ಟುಕೊಳ್ಳಲು ಬಿಡುವುದಿಲ್ಲ, ಕೆಲವು ಮಂಗಳವಾರಗಳೂ ಹಾಗೆಯೇ. ದೋಣಿ ಕಾದಿರಿಸುವಾಗಲೇ ವಾರ ಕೇಳಿಕೊಳ್ಳಬೇಕು. ಲೈಸೆನ್ಸ್ ಆನ್‌ಲೈನಿನಲ್ಲಿ ಒಂದು ದಿನಕ್ಕೂ ಸಿಗುತ್ತದೆ, ವಾರಕ್ಕೂ ಸಿಗುತ್ತದೆ. ಹೊರಗಿನಿಂದ ಬಂದ ಹದಿನಾರು ತುಂಬದ ಮಕ್ಕಳಿಗೆ ಅದು ಬೇಡ, ಮೀನಿನ ಮಿತಿ ಮಾತ್ರ ಅವರಿಗೂ ಅನ್ವಯ.

ಗಾಳಿ ಎದ್ದರೆ ಕ್ಯಾಪ್ಟನ್ ದೋಣಿ ಬಿಡುವುದಿಲ್ಲ. ಕಡಲಿಗೆ ಎರಡು ದಿನ ಇಟ್ಟುಕೊಳ್ಳಿ ಎನ್ನುವುದು ಇದಕ್ಕೇ. ಮೊದಲ ದಿನವೇ ಮೀನು ಸಿಕ್ಕರೆ ಎರಡನೆಯದು ಮನೆಯ ಸಸ್ಯಾಹಾರಿಗಳಿಗೆ: ಕೊಲ್ಲಿಯಾಚೆಯ ಉದ್ಯಾನಕ್ಕೆ ದೋಣಿ ಟ್ಯಾಕ್ಸಿ, ದಾರಿಯಲ್ಲಿ ಅಂಗಾತ ತೇಲುವ ಕಡಲ ನೀರುನಾಯಿಗಳು.

ದಡಕ್ಕೆ ಬಂದ ಮೇಲೆ ಕೆಲಸದವರು ಕಟ್ಟೆಯಲ್ಲೇ ಮೀನು ಸೀಳಿ ಕೊಡುತ್ತಾರೆ. ಕೆನ್ನೆಯ ಮಾಂಸವನ್ನು ಕೇಳಿ ಪಡೆಯಬೇಕು. ಹತ್ತಿರದ ಅಂಗಡಿಗಳು ಪೌಂಡಿಗಿಷ್ಟು ಎಂದು ತೆಗೆದುಕೊಂಡು ಗಾಳಿ ಹೀರಿ, ಹೆಪ್ಪುಗಟ್ಟಿಸಿ ಪೆಟ್ಟಿಗೆ ಕಟ್ಟುತ್ತವೆ; ಇಪ್ಪತ್ತಮೂರು ಕಿಲೋದೊಳಗಿದ್ದರೆ ಸಾಮಾನಿನ ಜೊತೆ ವಿಮಾನಕ್ಕೆ ಹಾಕಬಹುದು. ಒಂದೆರಡು ತುಂಡನ್ನು ಅಂದಿನ ರಾತ್ರಿಗೇ ಎತ್ತಿಟ್ಟುಕೊಂಡರೆ ಅಡುಗೆಮನೆ ಇರುವ ಕೋಣೆ ಹಿಡಿದದ್ದು ಸಾರ್ಥಕ. ಬ್ಯಾಡಗಿ ಮೆಣಸಿನ ಪುಡಿ, ಹುಣಸೆಹಣ್ಣು, ಚಿರೋಟಿ ರವೆ ಊರಿಂದಲೇ ಒಯ್ಯಬೇಕು. ಹಾಲಿಬಟ್‌ನಲ್ಲಿ ಕೊಬ್ಬು ಕಡಿಮೆ, ಬಂಗುಡೆಯಂತೆ ಬಹಳ ಹೊತ್ತು ಕಾಯಿಸಿದರೆ ಒಣಗಿ ಹತ್ತಿಯಾಗುತ್ತದೆ. ತೆಳ್ಳಗೆ ಕೊಯ್ದು, ಒಂದೊಂದು ಬದಿ ಎರಡು ನಿಮಿಷ, ಕಾವಲಿಯಿಂದ ನೇರ ತಟ್ಟೆಗೆ.